ಇಳಿದ ದಿನವೇ ಲಾರಿ ಹತ್ತಬಹುದು

ನಮ್ಮ ತಾಲೂಕಿನ ಏಜೆಂಟ್ ನನಗೆ ಸುಳ್ಳು ಹೇಳಿದ. ತಿಳಿಯದೆ ಹೇಳಿದ್ದಲ್ಲ, ತಿಳಿದೇ ಹೇಳಿದ. "ಊರಿನ ಹೆವಿ ಲೈಸೆನ್ಸ್ ಉಂಟಲ್ಲ, ಸಾಕು. ದುಬೈಯಲ್ಲಿ ಇಳಿದ ದಿನವೇ ಲಾರಿ ಹತ್ತಬಹುದು" ಎಂದ. ಆ ಲೈಸೆನ್ಸಿಗೆ ಅಲ್ಲಿ ಬೆಲೆ ಇಲ್ಲ ಎಂದು ಇಳಿದ ಮೇಲೆ ಗೊತ್ತಾಯಿತು. ಮತ್ತೆ ತರಬೇತಿಗೆ ಸೇರಬೇಕು, ಪರೀಕ್ಷೆ ಪಾಸಾಗಬೇಕು. ನಾನು ಸಹಿ ಹಾಕಿದ ಇಂಗ್ಲಿಷ್ ಕಾಗದದಲ್ಲಿ ಇನ್ನೊಂದು ಸಾಲೂ ಇತ್ತಂತೆ: ಮೂರು ಸಲ ಫೇಲಾದರೆ ಡ್ರೈವರ್ ಕೆಲಸ ಇಲ್ಲ, ಎರಡು ವರ್ಷ ಗೋಡೌನಿನಲ್ಲಿ ಮೂಟೆ ಹೊರಬೇಕು. ನನಗೆ ನಲವತ್ತಾರು ವರ್ಷ. ಬಗ್ಗಿ ಚಪ್ಪಲಿ ತೆಗೆದುಕೊಳ್ಳಲಿಕ್ಕೇ ನನ್ನ ಸೊಂಟ ಒಪ್ಪುವುದಿಲ್ಲ.

ಸುಳ್ಳನ್ನು ನಂಬಿ ಹೊರಟವನಿಗೆ ನಗೆಪಾಟಲು ತಪ್ಪುವುದಿಲ್ಲ. ವಾರಕ್ಕೊಂದು ಹುಡುಕಿಕೊಂಡು ಬರುತ್ತದೆ. ನೀವು ನಗಿ. ಆಗ ನನ್ನ ಜೊತೆ ನಗಲಿಕ್ಕೆ ಅಲ್ಲಿ ಒಬ್ಬನೂ ಇರಲಿಲ್ಲ.

ಹಾರ್ನ್

ಇಪ್ಪತ್ತೊಂದು ವರ್ಷ ಮಂಗಳೂರಿನಿಂದ ಹಾಸನಕ್ಕೆ ಹೆಂಚು, ಹಾಸನದಿಂದ ಮಂಗಳೂರಿಗೆ ಬಟಾಟೆ ಸಾಗಿಸಿದವನು ನಾನು. ಶಿರಾಡಿ ಘಾಟಿಯ ತಿರುವಿಗೆ ಹಾರ್ನ್, ಚಹಾ ಅಂಗಡಿಯವನಿಗೆ ಹಾರ್ನ್, ಎದುರಿಗೆ ಬರುವ ಪರಿಚಯದ ಲಾರಿಗೆ ಎರಡು ಹಾರ್ನ್. ನಮ್ಮಲ್ಲಿ ಅದು ಮಾತು.

ತರಬೇತಿ ಕೊಡುವವನು ಒಬ್ಬ ಪಠಾಣ. ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಮೈದಾನದಲ್ಲಿ ಕಣ್ಣು ಹಾಯುವಷ್ಟು ದೂರ ಮರಳು, ನಡುವೆ ಸಾಲಾಗಿ ಡ್ರಮ್‌ಗಳು. ನಾನು ಒಂದೊಂದು ಡ್ರಮ್ಮಿನ ಹತ್ತಿರವೂ ಹಾರ್ನ್ ಒತ್ತಿದೆ. ಕೈ ತಾನಾಗಿಯೇ ಹೋಗುತ್ತದೆ, ಏನು ಮಾಡಲಿ?

ಉಸ್ತಾದ್ ಕೇಳಿದ: "ಭಾಯಿ, ಯಾರನ್ನು ಕರೆಯುತ್ತಿದ್ದೀ?"

"ಯಾರಾದರೂ ಸಾಕು ಉಸ್ತಾದ್."

ಅವನು ಊರು ಬಿಟ್ಟು ಹದಿನೆಂಟು ವರ್ಷವಾಗಿತ್ತಂತೆ. ಕೈ ಚಾಚಿ ತಾನೂ ಒಮ್ಮೆ ಉದ್ದಕ್ಕೆ ಒತ್ತಿದ. ಕಿಟಕಿಯಿಂದ ಹೊರಗೆ ನೋಡಿ ಹೇಳಿದ: "ನೋಡಿದೆಯಾ? ಯಾರೂ ಬರುವುದಿಲ್ಲ. ಯಲ್ಲಾ, ನಡಿ, ಗೇರ್ ಹಾಕು."

ಪಾತ್ರೆಯ ಮುಚ್ಚಳ

ಅಲ್ಲಿ ಗಾಡಿ ರಸ್ತೆಯ ಬಲಗಡೆ ಓಡಬೇಕು. ವೃತ್ತ ಬಂದರೆ ಎಡಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ನನ್ನ ತಲೆಯಲ್ಲಿ ಎಲ್ಲವೂ ಉಲ್ಟಾ. ಕೆಲಸಗಾರರ ಕ್ಯಾಂಪಿನ ಕೋಣೆಯಲ್ಲಿ ನಾವು ಎಂಟು ಮಂದಿ, ಎಂಟು ಶಿಫ್ಟು. ನಾನು ಎದ್ದಾಗ ಉಳಿದವರು ಮಲಗಿರುತ್ತಾರೆ, ಇಲ್ಲವೇ ಕೆಲಸದಲ್ಲಿರುತ್ತಾರೆ. ಕೇಳುವುದು ಯಾರನ್ನು? ಅದಕ್ಕೆ ದಿನಾ ಸಂಜೆ ಅನ್ನದ ಪಾತ್ರೆಯ ಮುಚ್ಚಳ ಹಿಡಿದು, ಅಂಗಳದ ನೀರಿನ ಟ್ಯಾಂಕಿಗೆ ಸುತ್ತು ಬರತೊಡಗಿದೆ. ಟ್ಯಾಂಕೇ ವೃತ್ತ, ಮುಚ್ಚಳವೇ ಸ್ಟೇರಿಂಗ್. ನಿಲ್ಲುವುದು, ಎಡಕ್ಕೆ ನೋಡುವುದು, ಮುಚ್ಚಳ ತಿರುಗಿಸುವುದು, ಹೊರಡುವುದು.

ಗೇಟಿನ ನೇಪಾಳಿ ಕಾವಲುಗಾರ ನಾಲ್ಕು ದಿನ ನೋಡಿದ. ಐದನೆಯ ದಿನ ಕ್ಯಾಂಪ್ ಬಾಸ್‌ಗೆ ವರದಿ ಹೋಯಿತು: ಹನ್ನೆರಡನೇ ಕೋಣೆಯವನಿಗೆ ತಲೆ ಕೆಟ್ಟಿದೆ.

ಬಾಸ್ ಮಲಯಾಳಿ. ಓಡೋಡಿ ಬಂದು ನನ್ನನ್ನು ಆಫೀಸಿನಲ್ಲಿ ಕುರ್ಚಿ ಕೊಟ್ಟು ಕೂರಿಸಿದ. "ಊಟ ಆಯ್ತಾ? ಮನೆಯವರ ನೆನಪಾಗ್ತದಾ? ನಿದ್ರೆ ಬರ್ತದಾ?" ಎರಡು ತಿಂಗಳಲ್ಲಿ ನನ್ನ ಊಟದ ವಿಚಾರ ಕೇಳಿದ ಮೊದಲ ಮನುಷ್ಯ. ಇದು ಡ್ರೈವಿಂಗ್ ಅಭ್ಯಾಸ ಎಂದು ಹೇಳಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವನು ನನಗಾಗಿ ಬಿರಿಯಾನಿ ತರಿಸಿದ. ಬಾಯಿಯನ್ನು ಅದಕ್ಕೇ ಬಳಸಿದೆ.

ಮರುದಿನ ಸಂಜೆ ಎರಡು ಸುತ್ತು ಜಾಸ್ತಿ ಹಾಕಿದೆ.

ಮೊದಲನೇ ಪರೀಕ್ಷೆ

ಊರಲ್ಲಿ ನನ್ನ ಲಾರಿಗೆ ಕ್ಲೀನರ್ ಎಂದರೆ ನನ್ನ ಹೆಂಡತಿಯ ಅಣ್ಣ. ಭಾವ ನನಗಿಂತ ಆರು ವರ್ಷ ದೊಡ್ಡವರು. ರಿವರ್ಸ್ ತೆಗೆಯುವಾಗ ಅವರು ಕೆಳಗಿಳಿದು ಬಾಡಿ ತಟ್ಟುತ್ತಾರೆ. ಎರಡು ಸಲ ತಟ್ಟಿದರೆ ಬರಬಹುದು, ಒಂದು ಗುದ್ದು ಗುದ್ದಿದರೆ ನಿಲ್ಲಿಸಬೇಕು. ನಾನು ಹಿಂದೆ ನೋಡುತ್ತಿದ್ದದ್ದು ಕನ್ನಡಿಯಿಂದಲ್ಲ, ಭಾವನ ಕೈಯಿಂದ.

ದುಬೈಯಲ್ಲಿ ಕ್ಲೀನರ್ ಇಲ್ಲ. ಲಾರಿ ಊರಿನದಕ್ಕಿಂತ ಎರಡು ಪಾಲು ಉದ್ದ, ಒಳಗೆ ಡ್ರೈವರ್ ಒಬ್ಬನೇ. ಪರೀಕ್ಷೆಯಲ್ಲಿ ರಿವರ್ಸ್ ಹಾಕಿ ಕಿಟಕಿಯಿಂದ ಕಿವಿ ಹೊರಗಿಟ್ಟೆ. ನಿಧಾನಕ್ಕೆ ಹಿಂದೆ ಹೋದೆ. ಗುದ್ದು ಬರಲಿಲ್ಲ. ಇನ್ನೂ ಜಾಗ ಉಂಟು ಎಂದು ಇನ್ನಷ್ಟು ಹೋದೆ. ಡ್ರಮ್ ಉರುಳಿತು. ಅದರ ಹಿಂದಿನ ಡ್ರಮ್ಮೂ ಉರುಳಿತು.

"ಯಾಕೆ ನಿಲ್ಲಿಸಲಿಲ್ಲ?" ಎಂದ ಪರೀಕ್ಷಕ.

"ಯಾರೂ ತಟ್ಟಲಿಲ್ಲ ಸಾರ್."

ಫೇಲ್. ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಅಂದರು: "ನನ್ನದೂ ಅದೇ ಅವಸ್ಥೆ ಮಾರಾಯ. ನಿನ್ನೆ ಪೇಟೆಯಲ್ಲಿ ಯಾರೋ ಕಾರು ಹಿಂದೆ ತೆಗೀತಿದ್ದ. ನಾನು ಹೋಗಿ ತಟ್ಟಿದೆ. ಅವ ಇಳಿದು ಬಂದು ನನಗೇ ತಟ್ಟಲಿಕ್ಕೆ ಹೊರಟ."

ಎರಡನೇ ಪರೀಕ್ಷೆ

ರಿವರ್ಸ್ ಹೇಗೋ ಆಯಿತು. ರಸ್ತೆಗಿಳಿದು ಮಿರ್ದಿಫ್ ಬಡಾವಣೆಯ ಪಕ್ಕದ ರಸ್ತೆಗೆ ಬಂದೆವು. ಕಾಲ್ನಡೆಯವರಿಗೆ ದಾರಿ ಬಿಡದಿದ್ದರೆ ಅಲ್ಲೇ ಫೇಲ್ ಎಂದು ಉಸ್ತಾದ್ ನೂರು ಸಲ ಹೇಳಿದ್ದ. ಜೀಬ್ರಾ ಪಟ್ಟಿಯ ಹತ್ತಿರ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ನಿಂತಿದ್ದಳು. ಲಾರಿ ನಿಲ್ಲಿಸಿದೆ. ದಾಟಿ ಎಂದು ಕೈ ತೋರಿಸಿದೆ. ನೀವು ಹೋಗಿ ಎಂದು ಅವಳು ಕೈ ತೋರಿಸಿದಳು. ಇದು ನನ್ನನ್ನು ಪರೀಕ್ಷಿಸುವ ಉಪಾಯವೇ ಇರಬೇಕು ಎಂದುಕೊಂಡು ನಾನು ಎದೆಯ ಮೇಲೆ ಕೈಯಿಟ್ಟು ಮತ್ತೆ ದಾಟಿ ಎಂದೆ. ಅವಳು ತಲೆಯಾಡಿಸಿದಳು. ಇಷ್ಟು ಮರ್ಯಾದೆಯನ್ನು ನಾನು ನನ್ನ ಮದುವೆಯಲ್ಲೂ ತೋರಿಸಿರಲಿಲ್ಲ.

ಕೊನೆಗೆ ಪರೀಕ್ಷಕ ಕನ್ನಡಿಯತ್ತ ಬೆರಳು ತೋರಿಸಿದ. ಅವಳು ರಸ್ತೆ ದಾಟಲಿಕ್ಕೆ ನಿಂತವಳಲ್ಲ, ಮಗುವಿನ ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದಳು. ಸ್ಕೂಲ್ ಬಸ್ಸು ನನ್ನ ಹಿಂದೆ ನಿಂತು, ನಾನು ಯಾವಾಗ ಹೊರಡುತ್ತೇನೆ ಎಂದು ಕಾಯುತ್ತಿತ್ತು.

ಮೂರನೇ ಪರೀಕ್ಷೆ

ಇದೂ ಹೋದರೆ ಮೂಟೆಯೇ ಗತಿ. ಹಿಂದಿನ ವಾರವೇ ಗೋಡೌನಿನವನು ನನ್ನ ಭುಜದ ಅಳತೆ ನೋಡಿ ಹೋಗಿದ್ದ.

ರಿವರ್ಸ್ ಹಾಕಿದೆ. ಕನ್ನಡಿ ನೋಡಿದೆ. ಎಡಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಬಾಗಿಲು ನಾನೇ ತಟ್ಟಿದೆ. "ಬರ್ಲಿ, ಬರ್ಲಿ, ಬರ್ಲಿ..." ಎಂದು ಭಾವನ ದನಿಯಲ್ಲಿ ನಾನೇ ಕೂಗಿದೆ. ಗೆರೆ ಬಂದಾಗ ನಾನೇ ಗುದ್ದಿದೆ. ನಾನೇ ನಿಲ್ಲಿಸಿದೆ. ಎಂದಿನ ಅಭ್ಯಾಸದಂತೆ "ಆಯ್ತು ಭಾವ, ಹತ್ತಿ" ಎಂದೂ ಹೇಳಿಬಿಟ್ಟೆ.

ಪರೀಕ್ಷಕ ಪೆನ್ನು ಕೆಳಗಿಟ್ಟು ಕೇಳಿದ: "ಗಾಡಿಯಲ್ಲಿ ಎಷ್ಟು ಜನ ಇದ್ದೀರಿ?"

"ಒಬ್ಬನೇ ಸಾರ್."

"ಇಬ್ಬರೂ ಪಾಸ್" ಎಂದ.

ವಿಡಿಯೋ

ಲೈಸೆನ್ಸ್ ಬಂದ ಮೇಲೆ ಮೊದಲ ಟ್ರಿಪ್ಪು ಅಬುಧಾಬಿಗೆ. ಆ ದಿನವೇ ಏಜೆಂಟನ ಫೋನು. ನಾಲ್ಕು ತಿಂಗಳು ನನ್ನ ಕರೆಗೆ ಉತ್ತರ ಕೊಡದವನು ಈಗ "ಅಣ್ಣಾ" ಎಂದ. "ಅಣ್ಣಾ, ಲಾರಿಯಲ್ಲಿ ಕೂತು ಒಂದು ವಿಡಿಯೋ ಮಾಡಿ ಕಳಿಸಿ. ನಮ್ಮ ಹುಡುಗರಿಗೆ ಧೈರ್ಯ ಬರಲಿ."

ಮಾಡಿದೆ. ಸ್ಟೇರಿಂಗ್ ಹಿಂದೆ ಕೂತು, ಬೆರಳು ತೋರಿಸಿ, ಎರಡೂ ಕೈ ಜೋರಾಗಿ ಬೀಸಿ, ಗಂಟಲು ಕಿತ್ತು ಹೋಗುವ ಹಾಗೆ ಹೇಳಿದೆ: ಇವನು ಸುಳ್ಳುಗಾರ, ಇವನ ಮಾತು ನಂಬಿ ಒಬ್ಬನೂ ಬರಬೇಡಿ! ಅವನಿಗೇ ಕಳಿಸಿದೆ. ಎದೆ ಹಗುರವಾಯಿತು.

ಮೂರು ದಿನದ ಮೇಲೆ, ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಮ್ಮೂರ ಬ್ಯಾರಿಯೊಬ್ಬರು ಫೋನ್ ಮಾಡಿದರು. "ಎಂತ ಮಾರಾಯ್ರೇ, ನೀವು ಇಷ್ಟು ಚಂದ ಡ್ಯಾನ್ಸ್ ಮಾಡ್ತೀರಂತ ಗೊತ್ತೇ ಇರ್ಲಿಲ್ಲ!"

ಏಜೆಂಟ್ ನನ್ನ ದನಿ ತೆಗೆದು ಕುಣಿತದ ಹಾಡು ಹಾಕಿ ಊರಿಗೆಲ್ಲ ಹಂಚಿದ್ದ. ಕೆಳಗೆ ಬರೆದಿದ್ದ: ಇಳಿದ ದಿನವೇ ಲಾರಿ!

ತಿಂಗಳೊಳಗೆ ನಮ್ಮ ತಾಲೂಕಿನ ಮೂರು ಮಂದಿ ಡ್ರೈವರುಗಳು ಬ್ಯಾಗು ಹಿಡಿದು ನನ್ನ ಕ್ಯಾಂಪಿಗೇ ಬಂದು ಇಳಿದರು. ಅವರ ಕಾಗದದಲ್ಲೂ ಅದೇ ಮೂಟೆಯ ಸಾಲು. ಮೂವರಲ್ಲಿ ಹಿರಿಯವ ನನ್ನ ಕೈ ಹಿಡಿದುಕೊಂಡು ಹೇಳಿದ: "ಅಣ್ಣಾ, ಬನ್ನಿ ಬನ್ನಿ ಅಂತ ಎರಡೂ ಕೈಯಲ್ಲಿ ಅಷ್ಟು ಪ್ರೀತಿಯಿಂದ ಕರೆದಿರಲ್ಲ, ಅದಕ್ಕೇ ಬಂದೆವು."

ಆ ವಿಡಿಯೋ ಇನ್ನೂ ಓಡುತ್ತಿದೆ. ನಿಮ್ಮ ಬೀದಿಯಲ್ಲಿ ಗಲ್ಫಿಗೆ ಲಾರಿ ಓಡಿಸಲು ಹೊರಟವನು ಯಾರೆಂದು ನಿಮಗೆ ಗೊತ್ತಿದೆ. ಇವತ್ತೇ ಅವನ ಮನೆಗೆ ಹೋಗಿ. ಅವನ ಕೈಯಲ್ಲಿರುವ ಕಾಗದ ತೆಗೆದುಕೊಂಡು, ಒಂದು ಸಾಲೂ ಬಿಡದೆ ಕನ್ನಡದಲ್ಲಿ ಓದಿ ಹೇಳಿ. ನೀವು ಓದಿ ಮುಗಿಸುವವರೆಗೆ ಅವನನ್ನು ಪೆನ್ನು ಮುಟ್ಟಲು ಬಿಡಬೇಡಿ.