ನುಣ್ಣನೆಯ ರಸ್ತೆಗೆ ಉಳಿಯ ಪೆಟ್ಟು

ತಿಳವಳ್ಳಿಯ ಗುತ್ತೆಪ್ಪ ಗುತ್ತಿಗೆದಾರನಾದದ್ದು ಮೊನ್ನೆ ಮೊನ್ನೆ. ಮೊದಲ ಕೆಲಸವೇ ತನ್ನ ಓಣಿಯ ಕಾಂಕ್ರೀಟ್ ರಸ್ತೆ. ಅಲ್ಲಲ್ಲಿ ಉಬ್ಬು ಉಳಿದಿದೆಯೆಂದು ಮಷೀನು ತರಿಸಿ ಉಜ್ಜಿಸಿದ. ಉಜ್ಜಿಸಿದ್ದು ಹೆಚ್ಚಾಯಿತು. ಬೆಳಿಗ್ಗೆ ಕೊಡ ಹೊತ್ತ ಮುದುಕಿ ಅನ್ನವ್ವ ತನ್ನ ಮನೆ ಮುಂದೆ ಜಾರಿದವಳು ಗುತ್ತೆಪ್ಪನ ಮನೆ ಕಟ್ಟೆಗೆ ಬಂದು ಮುಟ್ಟಿದಳು.

"ರಸ್ತಾ ಮಾಡೀಯೋ, ಜಾರಬಂಡಿ ಮಾಡೀಯೋ ತಮ್ಮಾ?"

ಮಧ್ಯಾಹ್ನ ಹಾನಗಲ್ಲಿನಿಂದ ಎಂಜಿನಿಯರ್ ಶ್ರೀಪಾದರಾಯರು ಪರೀಕ್ಷೆಗೆ ಬರುವವರಿದ್ದರು. ಅವರ ಕಾಲು ಜಾರಿತೋ, ರಸ್ತೆ ಒಡೆಸುತ್ತಾರೆ. ಹುಟ್ಟಿದ ಓಣಿಯಲ್ಲಿ ಗುತ್ತೆಪ್ಪ ಮತ್ತೆ ತಲೆ ಎತ್ತಿ ತಿರುಗುವಂತಿಲ್ಲ. ಹಸಿ ಕಾಂಕ್ರೀಟಾಗಿದ್ದರೆ ಕಸಬರಿಗೆ ಎಳೆದು ಗೆರೆ ಮೂಡಿಸಬಹುದಿತ್ತು. ಈಗದು ಕಲ್ಲಾಗಿ ಕೂತಿದೆ. ಪಕ್ಕದ ಮನೆಯ ಅಲ್ತಾಫ ಉಸುಕು ಚೆಲ್ಲು ಎಂದ. ಚೆಲ್ಲಿದರೆ, ಅಲ್ತಾಫನೇ ಜಾರಿ ಬಿದ್ದ.

ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅನ್ನವ್ವನೇ ಕೊನೆಗೆ ದಾರಿ ತೋರಿಸಿದಳು. "ಬೀಸುಕಲ್ಲು ನುಣ್ಣಗಾದ್ರ ಏನ್ ಮಾಡ್ತೇವಿ? ಉಳಿ ಹಿಡದು ಚುಚ್ಚತೇವಿ. ಇದೂ ಕಲ್ಲ ಅಲ್ಲೇನು?"

ಗುತ್ತೆಪ್ಪನಿಗೆ ಹೋದ ಜೀವ ಬಂದಂತಾಯಿತು. ಊರೆಲ್ಲ ಸುತ್ತಿ ಉಳಿ, ಸುತ್ತಿಗೆ ಹೊತ್ತು ತಂದು ಹೆಂಗಸರಿಗೆ ಹಂಚಿದ. "ಅವರವರ ಮನಿ ಮುಂದಿಂದು ಅವರವರ ಚುಚ್ಚರಿ. ಒಟ್ಟ ಒರಟಾದ್ರ ಸಾಕು" ಎಂದು ಕೈಮುಗಿದು, ಸಾಹೇಬರನ್ನು ಕರೆತರಲು ಬೈಕು ಹತ್ತಿದ.

ಸಾಹೇಬರೊಂದಿಗೆ ತಿರುಗಿ ಬಂದವನು ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಿದ. ಹೆಂಗಸರನ್ನು ಮನೆ ಮುಂದೆ ಕೂಡಿಸಿದರೆ ಬರೀ ಗೆರೆ ಎಳೆದು ಸುಮ್ಮನಾಗುತ್ತಾರೆಯೇ? ಓಣಿಯ ಈ ತುದಿಯಿಂದ ಆ ತುದಿಗೆ ರಂಗೋಲಿ! ಕಮಲ, ನವಿಲು, ತೊಟ್ಟಿಲು. ಅಲ್ತಾಫನ ತಾಯಿ ಖತೀಜಾಬಿಯ ಬಾಗಿಲಲ್ಲಿ ಮೆಹಂದಿಯ ಬಳ್ಳಿ.

ಶ್ರೀಪಾದರಾಯರು ಬೂಟು ಕಳಚಿದರು, ನೀರು ಹೊಯ್ಯಿಸಿದರು, ಬರಿಗಾಲಲ್ಲಿ ತುದಿ ಮುಟ್ಟಿ ಬಂದರು. ಗುತ್ತೆಪ್ಪ ಅವರ ಪಾದಗಳನ್ನೇ ನೋಡುತ್ತ ಹಿಂದೆ ನಡೆದ.

"ಹಿಡಿತ ಭಾಳ ಛಲೋ ಅದ. ಇಂಥಾ ರಸ್ತಾ ತಾಲೂಕಿನಾಗ ಇಲ್ರೀ ಗುತ್ತೆಪ್ಪ. ಪಾಸ್."

ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ಅಲ್ತಾಫ ನೋವು ಮರೆತು ಅವನನ್ನು ಹೆಗಲಿಗೇರಿಸಿದ. ಸಂತೋಷಕ್ಕೆ ಗುತ್ತೆಪ್ಪನ ಕಣ್ಣು ತುಂಬಿದವು. ಸಾಹೇಬರನ್ನು ಬಸ್ಸು ಹತ್ತಿಸಿ, ತನ್ನ ರಸ್ತೆಯ ಮೇಲೆ ಠೀವಿಯಿಂದ ಮನೆಗೆ ಹೋಗಬೇಕೆಂದು ಗಾಡಿ ತಿರುಗಿಸಿದ.

ಓಣಿಯ ಬಾಯಲ್ಲಿ ಹೆಂಡತಿ ಜಯಾ ಅಡ್ಡ ನಿಂತಿದ್ದಳು. ಅವಳ ಹಿಂದೆ ಉಳಿದ ಹೆಂಗಸರೂ.

"ಅಲ್ಲೇ ನಿಂದರ್ರಿ. ರಂಗೋಲಿ ಮ್ಯಾಲ ಗಾಡಿ ಹಾಯಿಸ್ತೀರೇನು? ಸಾಹೇಬ್ರ ಸೈತ ಬೂಟ ಬಿಚ್ಚಿದ್ರು."

"ರಸ್ತಾ ಐತಲ್ಲ ಅದು?"

"ಮುಂಜಾನಿ ಇತ್ತು. ಈಗ ಅಂಗಳ ಐತಿ. ಹಿತ್ತಲದಾಗಿಂದ ಹಾದು ಬರ್ರಿ, ಎಲ್ಲಾರೂ ಹಂಗ ಹೊಂಟಾರ."

ತಾಲೂಕಿನಲ್ಲೇ ಇಲ್ಲದ ರಸ್ತೆ ಮಾಡಿದ ಗುತ್ತಿಗೆದಾರ, ಗಾಡಿ ತಳ್ಳುತ್ತ ಹಿತ್ತಲ ಕೆಸರಿಗಿಳಿದ.