ಸ್ವಲ್ಪ ಅಲ್ಲಾಡ್ರಿ

ಮನುಷ್ಯರನ್ನು ಅಲ್ಲಾಡದಂತೆ ಕೂಡಿಸುವುದೇ ಕಷ್ಟದ ಕೆಲಸ ಎಂದು ಗದಗಿನ ಫೋಟೋ ಸ್ಟುಡಿಯೋದವನು ಹೇಳುತ್ತಿದ್ದ. ಅವನ ಹಳೆಯ ಕ್ಯಾಮೆರಾ ಎರವಲು ತಂದ ಮೇಲೆ ನನಗೆ ಹೋದಲ್ಲೆಲ್ಲ ಆದದ್ದು ಇದರ ತಿರುಗುಮುರುಗು. ಅಲ್ಲಾಡಿ ಎಂದು ಕೈ ಮುಗಿದರೂ ಜನ ಬೇಕಾದಂತೆ ಅಲ್ಲಾಡುತ್ತಿರಲಿಲ್ಲ.

ಕಾರಣ ಹೇಳಬೇಕು. ನನ್ನ ಹೆಂಡತಿಯದು ಇರುವುದೇ ಒಂದು ಫೋಟೋ, ನಾವಿಬ್ಬರೂ ಜೋಡಿಯಾಗಿ ಕುಳಿತದ್ದು. ನಾನು ಸ್ಪಷ್ಟವಾಗಿ ಮೂಡಿದ್ದೇನೆ. ಅವಳು ನನಗೇನೋ ಹೇಳಲು ತಿರುಗಿದ್ದರಿಂದ ಮುಖವೆಲ್ಲ ಹೊಗೆಯಂತೆ ಹರಡಿದೆ. ಇನ್ನೊಂದು ತೆಗೆಸುವ ಮೊದಲೇ ತೀರಿಕೊಂಡಳು. ಅವಳ ತಾಯಿ ಮುಂಡರಗಿಯಿಂದ ಬರುವವರಿದ್ದರು. ಮನೆ ನೋಡಿಕೊಳ್ಳಲು ಬಂದಿದ್ದ ನನ್ನ ಅಕ್ಕ ಅಂದಳು:

"ಆ ದೆವ್ವದ ಫೋಟೋ ಗ್ವಾಡಿಮ್ಯಾಲಿಂದ ತಗೀ. ಹಡೆದಾಕಿ ನೋಡಿದ್ರ ಎದಿ ಒಡಕೋತಾಳ."

"ಅದು ದೆವ್ವ ಅಲ್ಲಕ್ಕ. ಅಲ್ಲಾಡಿದ್ರ ಯಾರದಾದ್ರೂ ಹಂಗ ಬರತೈತಿ."

"ಹಂಗಾರ ಬ್ಯಾರೆಯವರದು ಒಂದು ತಗದು ತೋರಸು. ಇಲ್ಲಾಂದ್ರ ಅದನ್ನ ಪೆಟ್ಟಿಗ್ಯಾಗ ಇಡೂದು."

ತೋರಿಸಿಯೇ ತೀರುವುದೆಂದು ನಿಶ್ಚಯಿಸಿದೆ. ಕ್ಯಾಮೆರಾದ ಮುಚ್ಚಳ ತೆಗೆದು ಸಾವಕಾಶವಾಗಿ ಮುಚ್ಚಬೇಕು. ಆ ನಡುವೆ ಎದುರಿನವರು ಅಲ್ಲಾಡಬೇಕು. ಇಷ್ಟೇ ವಿದ್ಯೆ.

ನೇಕಾರ

ಬೆಟಗೇರಿಯ ನಮ್ಮ ಓಣಿಯಲ್ಲಿ ಒಬ್ಬ ನೇಕಾರನಿದ್ದ. ಲಾಳಿ ಓಡಿಸುವಾಗ ಅವನ ಕೈ ಮಬ್ಬಾಗಿ ಮೂಡೀತೆಂದು ಮಗ್ಗದ ಮುಂದೆ ಕ್ಯಾಮೆರಾ ಇಟ್ಟೆ. ಅಲ್ಲಿಯವರೆಗೆ ಖಟಖಟ ನೇಯುತ್ತಿದ್ದವನು, ನಾನು ಮುಚ್ಚಳಕ್ಕೆ ಕೈ ಹಾಕಿದೊಡನೆ ಕಲ್ಲಾದ.

"ನೇಯ್ರಿ, ನಿಲ್ಲಸಬ್ಯಾಡ್ರಿ."

ತುಟಿ ಕದಲಿಸದೆ ಮೂಗಿನಲ್ಲೇ ಅಂದ: "ಮದುವ್ಯಾಗ ತಗಸಿದಾಗ ಸ್ಟುಡಿಯೋದವ್ರು ಉಸುರು ಸೈತ ಬಿಡಬ್ಯಾಡ ಅಂದಿದ್ರು."

"ನಾ ಹೇಳ್ತೀನಿ, ಉಸುರು ಬಿಡ್ರಿ!"

"ಮದ್ಲ ನೀವು ಮುಚ್ಚಳಾ ಮುಚ್ಚರಿ, ಆಮ್ಯಾಲೆ ಬಿಡ್ತೀನಿ."

ಆ ಚಿತ್ರದಲ್ಲಿ ಅವನ ಮೀಸೆಯ ಕೂದಲನ್ನು ಒಂದೊಂದಾಗಿ ಬಿಡಿಸಿ ನೋಡಬಹುದು.

ಡ್ರಿಲ್ ಮಾಸ್ತರರು

ಹೇಳಿದಂತೆ ಕೇಳುವವರು ಬೇಕೆಂದು ನಾನು ಕಲಿಸುವ ಶಾಲೆಯ ಡ್ರಿಲ್ ಮಾಸ್ತರರನ್ನು ಡಂಬಳಕ್ಕೆ ಕರೆದೊಯ್ದೆ. ಹಳೆಯ ಗುಡಿಯ ನೆರಳಿನಲ್ಲಿ, ಕಂಬಗಳ ನಡುವೆ, ಬಿಳಿ ಧೋತರದವರೊಬ್ಬರು ಮೆಲ್ಲಗೆ ಹಾಯ್ದರೆ ನೋಡಿದವರ ಮೈ ಜುಮ್ಮೆನ್ನಬೇಕು. "ಸಾವಕಾಶ ನಡೀರಿ" ಎಂದೆ. ಅವರಿಗೆ ನಡೆಯುವುದೆಂದರೆ ಲೆಫ್ಟ್ ರೈಟ್. ಮುಚ್ಚಳ ತೆಗೆದದ್ದೇ ತಡ, ದಡದಡ ಕ್ಯಾಮೆರಾದ ಕಣ್ಣು ದಾಟಿ ಆಚೆ ಹೋಗಿ ಸೆಲ್ಯೂಟ್ ಹೊಡೆದರು. ಚಿತ್ರ ಮೂಡುವ ಗಾಜಿನ ಪ್ಲೇಟು ತೊಳೆದು ನೋಡಿದರೆ ಗುಡಿ ಇತ್ತು, ಕಂಬಗಳಿದ್ದವು, ಮಾಸ್ತರರು ಇರಲಿಲ್ಲ.

"ನೀವು ಖರೇನ ಹೋಗಿದ್ರೇನ್ರಿ?" ಎಂದು ಅಕ್ಕ ಮಾಸ್ತರರನ್ನೇ ಕೇಳಿದಳು.

ಅವರು ಕಿಸೆಗೆ ಕೈ ಹಾಕಿದರು. "ಬಸ್ಸಿನ ಟಿಕೇಟ ಐತ್ರಿ ಅಕ್ಕಾರ, ನೋಡ್ರಿ!"

ನಾಡು ಒಂದಾದ ದಿನ

ಕನ್ನಡ ನಾಡು ಒಂದಾದ ದಿನ ಲಕ್ಷ್ಮೇಶ್ವರದ ಸಭೆಗೆ ನನ್ನನ್ನೇ ಫೋಟೋ ತೆಗೆಯಲು ಕರೆದರು. ಇದು ಮಾತ್ರ ಸ್ಪಷ್ಟವಾಗಿ ಬರಬೇಕಿತ್ತು. ಊರ ಹಿರಿಯರನ್ನು ಸಾಲಾಗಿ ನಿಲ್ಲಿಸಿ "ಅಲ್ಲಾಡಬ್ಯಾಡ್ರಿ" ಎಂದು ಮುಚ್ಚಳ ತೆಗೆದೆ. ಅಷ್ಟರಲ್ಲಿ ಯಾರೋ ಜಯಘೋಷ ಕೂಗಿದರು. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿದರು. ಮೂಡಿದ್ದು ಒಂದು ದೊಡ್ಡ ಬಿಳಿ ಮೋಡ, ಅದರ ಮೇಲೆ ತೇಲುವ ನಾಲ್ಕಾರು ರುಮಾಲು.

ಸಭೆಯ ಅಧ್ಯಕ್ಷರು ಅದನ್ನು ಅಡ್ಡ ಉದ್ದ ತಿರುಗಿಸಿ ನೋಡಿದರು. "ನಾಡು ಒಂದಾಗ್ಲಿ ಅಂದಿದ್ವಿ ಖರೆ, ಮಾಸ್ತರ. ಇಷ್ಟು ಒಂದಾಗ್ಲಿ ಅಂದಿದ್ದಿಲ್ಲ."

ಅಕ್ಕ ಮತ್ತು ಅತ್ತೆ

ಅಕ್ಕ ಇದನ್ನೂ ಒಪ್ಪಲಿಲ್ಲ. "ಇದು ತಪ್ಪಿ ಬಂದದ್ದು. ಬೇಕಂತ ತಗದು ತೋರಸು."

ಅತ್ತೆ ಬರುವ ಹಿಂದಿನ ದಿನ ಮುಂಜಾನೆ ಅಡುಗೆಮನೆಯ ಬಾಗಿಲಲ್ಲಿ ಕ್ಯಾಮೆರಾ ಇಟ್ಟೆ. ಈ ಸಲ ಅಲ್ಲಾಡು ಎಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. "ಅಡಗಿ ಮಾಡೂ ಜಾಗಾದಾಗ ಏನೋ ಅದು, ತಗೀ ಆಚಿಕ!" ಎಂದು ಅಕ್ಕ ಸೌಟು ಬೀಸಿದಳು. ಬೈಗುಳ ಮುಗಿಯುವವರೆಗೂ ನಾನು ಮುಚ್ಚಳ ಹಾಕಲಿಲ್ಲ.

ಚಿತ್ರದಲ್ಲಿ ಕೊಡ, ಒಲೆ, ಬಾಗಿಲು ಎಲ್ಲ ಸ್ಪಷ್ಟ. ನಡುವೆ ಮುಖವಿಲ್ಲದ, ಬಹಳ ಕೈಗಳುಳ್ಳ ಒಂದು ಹೊಗೆ. ನನಗೇ ಅಂಜಿಕೆಯಾಯಿತು.

"ಎವ್ವಾ! ಯಾರೋ ಈಕಿ?"

"ನೀನಽ ಅಕ್ಕ."

ಹೆಂಡತಿಯ ಫೋಟೋ ಗೋಡೆಯ ಮೇಲೆ ಉಳಿಯಿತು.

ಮರುದಿನ ಅತ್ತೆ ಬಂದು ನೇರವಾಗಿ ಅದರ ಮುಂದೆಯೇ ನಿಂತರು. ನಾನೂ ಅಕ್ಕನೂ ಆ ನೇಕಾರನಂತೆ ಉಸಿರು ಹಿಡಿದೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಹೌದು, ಆಕಿನಽ. ಒಂದು ಗಳಿಗಿ ಸುಮ್ಮ ಕುಂತಾಕಿ ಅಲ್ಲ ನನ್ನ ಮಗಳು."

ಆಮೇಲೆ ಪಕ್ಕದಲ್ಲಿ ಸ್ಪಷ್ಟವಾಗಿ ಮೂಡಿದ್ದ ನನ್ನ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು.

"ಅಂಜಿಕಿ ಬರೂದು ನಿಮ್ಮನ್ನ ನೋಡಿದ್ರ, ಅಳಿಯಂದ್ರ. ಜೀವಂತ ಇದ್ದೂ ಹಿಂಗ್ಯಾಕ ಕುಂತೀರಿ? ಸ್ವಲ್ಪ ಅಲ್ಲಾಡ್ರಿ!"