ಹದಿನಾರನೇ ನಿಯಮದ ಏಳು ದಿನದ ತಪಾಸಣೆ

ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡನಿಂದ ಒಂದು ರುಜು ಹಾಕಿಸಿಕೊಳ್ಳಲು ಆಗುವುದಿಲ್ಲ ಎಂದರೆ ಯಾವ ಹೆಂಡತಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ? ಯಜಮಾನಿ ಕೇಳಿದ್ದು ಒಡವೆಯಲ್ಲ, ವಸ್ತ್ರವಲ್ಲ. ಕಾಲೇಜಿನ ಒಂದು ಅರ್ಜಿಯ ಕೆಳಗೆ, ಚುಕ್ಕಿ ಗೆರೆ ಇರುವ ಕಡೆ, ಅರ್ಧ ಇಂಚಿನ ರುಜು. ಅಷ್ಟಕ್ಕೆ ಆ ಮನುಷ್ಯ ಕನ್ನಡಕ ಏರಿಸಿ, ಅರ್ಜಿಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಪರೀಕ್ಷೆ ಮಾಡದೆ ಹೇಗೆ ಹಾಕಲಿ?" ಅಂದುಬಿಟ್ಟರು.

ಆ ಮನುಷ್ಯ ನಿವೃತ್ತ ಲಿಫ್ಟ್ ಇನ್ಸ್‌ಪೆಕ್ಟರ್. ನೌಕರಿಯಲ್ಲಿದ್ದಷ್ಟು ಕಾಲ, ತಾವೇ ಹತ್ತಿ ಇಳಿಯದ ಒಂದೇ ಒಂದು ಲಿಫ್ಟಿಗೂ ಯೋಗ್ಯತಾಪತ್ರ ಕೊಟ್ಟವರಲ್ಲ. ಅವರು ನಿವೃತ್ತರಾದರು, ಅಭ್ಯಾಸ ಆಗಲಿಲ್ಲ. ಮನೆಗೊಂದು ಸ್ಟೂಲ್ ಬಂದರೂ ಅದರ ಮೇಲೆ ಮೊದಲು ಹಳೆಯ ಪೇಪರಿನ ಕಟ್ಟು ಇಟ್ಟು, ಆಮೇಲೆ ತಾವು ನಿಂತು, ಕೊನೆಗೆ ಹೆಂಡತಿಯನ್ನು ನಿಲ್ಲಿಸಿ (ಭಾರದ ಕ್ರಮದಲ್ಲಿ, ಎಂದು ಒಮ್ಮೆ ಬಾಯಿತಪ್ಪಿ ಹೇಳಿ ಎರಡು ದಿನ ಊಟಕ್ಕೆ ಪರದಾಡಿದ್ದರು) ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು.

ಯಜಮಾನಿ ಮಾಡುತ್ತಿದ್ದುದು ಸಂಜೆ ಕಾಲೇಜಿನಲ್ಲಿ ಫ್ರೆಂಚ್ ಬಿ.ಎ. ಐವತ್ತೇಳರ ವಯಸ್ಸಿನಲ್ಲಿ ಈ ಫ್ರೆಂಚ್ ಯಾಕೆ ಎಂದು ಕೇಳಿದವರಿಗೆಲ್ಲ ಆಕೆಯ ಉತ್ತರ ಒಂದೇ: "ಮನೇಲಿ ಬೇರೆ ಯಾರಿಗೂ ಬರಲ್ಲ, ಅದಕ್ಕೆ." ಪದವಿಗೆ ಬೇಕಾದ ನೂರಿಪ್ಪತ್ತು ಕ್ರೆಡಿಟ್‌ಗಳನ್ನು ನಾಲ್ಕು ವರ್ಷ ಇರುವೆಯಂತೆ ಕೂಡಿಟ್ಟಿದ್ದರು. ವ್ಯಾಕರಣ, ಉಚ್ಚಾರಣೆ, ಅನುವಾದ, ಸಾಹಿತ್ಯ ಚರಿತ್ರೆ ಎಲ್ಲ ಮುಗಿದಿತ್ತು. ಬೇರೆ ವಿಭಾಗದ ಒಂದು ವಿಷಯ ಕಡ್ಡಾಯ ಎಂದಾಗ ಭೂಗರ್ಭಶಾಸ್ತ್ರವನ್ನೂ ಓದಿ ಬಿಸಾಕಿದರು. (ಫ್ರೆಂಚ್ ನಾಮಪದಗಳ ಹಾಗೆ ಆ ಕಲ್ಲುಗಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ನೆನಪಿಡಬೇಕಾಗಿರಲಿಲ್ಲ ಎಂಬುದೇ ಸಮಾಧಾನ.)

ಉಳಿದದ್ದು ಹದಿನಾರನೇ ನಿಯಮ. ಪದವಿ ಬಯಸುವ ವಿದ್ಯಾರ್ಥಿಯು ಆ ಭಾಷೆಯನ್ನಾಡುವ ನಾಡಿನಲ್ಲಿ ಹನ್ನೆರಡು ವಾರ ವಾಸವಿರತಕ್ಕದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ವಿದ್ಯಾರ್ಥಿಯಿಲ್ಲದೆ ಮನೆ ನಡೆಯುವುದಿಲ್ಲವೆಂದು ಮನೆಯ ಜವಾಬ್ದಾರಿಯುತ ಸದಸ್ಯರೊಬ್ಬರು ದೃಢೀಕರಿಸಿದಲ್ಲಿ ವಿನಾಯಿತಿ ನೀಡಲಾಗುವುದು. ಆ ಸಣ್ಣ ಅಕ್ಷರ ಓದಿ ಯಜಮಾನಿಗೆ ಹೋದ ಜೀವ ಬಂತು.

ಯಾಕೆಂದರೆ, ಹೊರಗೆ ಎಷ್ಟೇ ಜಬರ್ದಸ್ತು ತೋರಿಸಿದರೂ, ಒಳಗೆ ಆಕೆಗೆ ಭಯ. ಬರೆಯುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಬಾಯಿಬಿಟ್ಟು ಆಡು ಎಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ತರಗತಿಯ ಹುಡುಗಿಯರು ಪಟಪಟ ಮಾತಾಡುವಾಗ ಆಕೆ ಇನ್ನೂ ಕ್ರಿಯಾಪದ ಹುಡುಕುತ್ತಿರುತ್ತಿದ್ದರು. ಅಷ್ಟು ದೂರ ಹೋಗಿ ಬ್ರೆಡ್ ಅಂಗಡಿಯ ಮುಂದೆ ಮೂಕಿಯಾಗಿ ನಿಂತರೆ? ನಾಲ್ಕು ವರ್ಷದ ಓದು ನೀರಲ್ಲಿ ಹೋಮವಾದರೆ? ಇದನ್ನು ಗಂಡನ ಮುಂದೆ ಒಪ್ಪಿಕೊಳ್ಳುವ ಬದಲು ಪದವಿಯನ್ನೇ ಬಿಟ್ಟಾರು.

"ನಾನಿಲ್ದೆ ಈ ಮನೆ ಒಂದು ದಿನ ನಡೆಯಲ್ಲ ಅಂತ ಇಡೀ ಬೀದಿಗೆ ಗೊತ್ತು. ನಿಮಗೊಬ್ಬರಿಗೆ ಗೊತ್ತಿಲ್ವೇನ್ರೀ?"

"ಬೀದಿ ರುಜು ಹಾಕ್ತಿಲ್ವಲ್ಲೇ. ಏಳು ದಿನ ನೀನು ಒಂದು ಚಮಚಾನೂ ಮುಟ್ಟಬೇಡ. ಮನೆ ನಿಂತುಹೋದ್ರೆ ಎಂಟನೇ ದಿನ ಹಾಕ್ತೀನಿ. ಹಾಂ, ಸಲಹೆ ಕೊಡೋ ಹಾಗೂ ಇಲ್ಲ. ಸಲಹೇನೂ ಮುಟ್ಟಿದ ಲೆಕ್ಕವೇ."

ಯಜಮಾನಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸಿಂಹಾಸನಾರೂಢರಾದರು. ಏಳು ದಿನ ಯಾಕೆ, ನಾಳೆ ಮಧ್ಯಾಹ್ನದ ಹೊತ್ತಿಗೇ ಈ ಮನುಷ್ಯ ಬಂದು ಕಾಲು ಹಿಡಿಯುತ್ತಾರೆ ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮೊದಲ ದಿನ ಆಲೂಗಡ್ಡೆ ಹೊರಗೆ ಕರಿಕಲಾಗಿ ಒಳಗೆ ಹಸಿಯಾಗಿಯೇ ಉಳಿಯಿತು. ಇನ್ಸ್‌ಪೆಕ್ಟರ್ ಎರಡನ್ನೂ ಶಾಂತವಾಗಿ ಅಗಿದು, "ಮನೆ ಚಾಲನೆಯಲ್ಲಿದೆ" ಎಂದು ಬರೆದುಕೊಂಡರು. ಎರಡನೇ ದಿನ ಆಲೂಗಡ್ಡೆ ಒಳಗೂ ಬೆಂದಿತು. ಗಂಡ ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಯಜಮಾನಿ ಟೀ ಸೋಸುವ ಜಾಲರಿಯನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿ, ಬೀರುವಿನ ಮೇಲಿನ ಸೂಟ್‌ಕೇಸಿನ ತಳಕ್ಕೆ ತುರುಕಿದರು. ಇನ್ಸ್‌ಪೆಕ್ಟರ್ ಸ್ನಾನ ಮುಗಿಸಿ ಬಂದು, ಅಲ್ಲಿ ಇಲ್ಲಿ ತಡಕಾಡಿ, ಒಗೆದ ಹಳೇ ಬನಿಯನ್ನಿನ ತುಂಡಿನಲ್ಲಿ ಟೀ ಸೋಸಿ ಆಕೆಯ ಮುಂದೆಯೂ ಒಂದು ಲೋಟ ಇಟ್ಟರು.

ಮೂರನೇ ದಿನ ಉಪ್ಪು ಸಕ್ಕರೆ ಡಬ್ಬಿ ಬದಲಾದವು. ನಾಲ್ಕನೇ ದಿನ ಬಟ್ಟೆ ಕ್ಲಿಪ್ಪುಗಳು ಮಾಯವಾದವು. ಐದನೇ ದಿನ ವಾಷಿಂಗ್ ಮೆಷಿನ್ನಿನ ಫ್ಯೂಸ್ ಕಾಲು ಬಂದು ನಡೆಯಿತು. ಆ ಮನುಷ್ಯ ನೆಕ್ಕಿ ನೋಡಿದರು, ದಾರ ಕಟ್ಟಿದರು, ತಂತಿ ಸುತ್ತಿದರು. ಯಜಮಾನಿಗೆ ಹೊಟ್ಟೆ ಉರಿದದ್ದು ಆರನೇ ದಿನ. ಯಾರೂ ಹೇಳದೆ, ಕೇಳದೆ, ಎರಡು ವರ್ಷದಿಂದ ಯಜಮಾನಿಗೇ ಕೈಗೂಡದಿದ್ದ ಕಿಟಕಿಯ ಸರಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ಉಜ್ಜಿ ಬೆಳಗಿಬಿಟ್ಟರು.

ಸಲಹೆ ಕೊಡುವ ಹಾಗಿಲ್ಲವಲ್ಲ! ಕಣ್ಣೆದುರಿಗೇ ಈರುಳ್ಳಿ ಸಿಪ್ಪೆಯ ಜೊತೆ ಅರ್ಧ ಈರುಳ್ಳಿ ಕಸದ ಬುಟ್ಟಿ ಸೇರುತ್ತಿದ್ದರೆ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲಾದೀತು? ಯಜಮಾನಿ ಮೊದಲ ದಿನವೇ ಒಂದು ಉಪಾಯ ಕಂಡುಕೊಂಡಿದ್ದರು. ಗಂಡನಿಗೆ ತಿಳಿಯದ ಭಾಷೆಯಲ್ಲಿ ಗೊಣಗಿದರೆ ಅದು ಸಲಹೆಯಾಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಫ್ರೆಂಚಿನಲ್ಲಿ ಆ ಕೈಗಳನ್ನೂ, ಆ ಈರುಳ್ಳಿಯನ್ನೂ, ಅವರನ್ನು ಬೆಳೆಸಿದವರನ್ನೂ ಬೈದು ಗೊಣಗುತ್ತ ಕೂತರು.

ಎಂಟನೇ ದಿನ ಬೆಳಗ್ಗೆ ಇನ್ಸ್‌ಪೆಕ್ಟರ್ ಅಂಗಿ ಇಸ್ತ್ರಿ ಮಾಡಿ ತೊಟ್ಟು (ಅದನ್ನೂ ತಾವೇ ಮಾಡಿದ್ದರು) ವರದಿ ಓದಿದರು. ಏಳು ದಿನ ಪೂರ್ಣ ಭಾರದ ಪರೀಕ್ಷೆ ನಡೆಸಲಾಗಿದೆ. ಬೇಕೆಂದೇ ಉಂಟುಮಾಡಿದ ದೋಷಗಳು ನಾಲ್ಕು. ರುಚಿ ಇಲ್ಲ, ನೆಮ್ಮದಿ ಇಲ್ಲ. ಆದರೂ ಮನೆ ನಡೆದಿದೆ. ಆದಕಾರಣ ದೃಢೀಕರಿಸಲಾಗದು.

"ಲಿಫ್ಟಿನ ಹಗ್ಗ ಸಡಿಲ ಮಾಡಿದ್ರೇನೇ ಬ್ರೇಕ್ ಹಿಡಿಯುತ್ತೋ ಇಲ್ವೋ ಗೊತ್ತಾಗೋದು," ಅಂದರು. "ನೀನು ಆ ನಾಲ್ಕು ದೋಷ ಮಾಡಿಕೊಟ್ಟಿದ್ದು ತುಂಬಾ ಉಪಕಾರ ಆಯ್ತು."

ಯಜಮಾನಿ ಎದ್ದು ನಿಂತರು. ಏಳು ದಿನದ ರೂಢಿಯ ಮೇಲೆ ಬಾಯಿಂದ ಹೊರಟದ್ದು ಫ್ರೆಂಚೇ. ಸ್ಟೂಲಿನಿಂದ ಶುರುವಾಗಿ, ಭಾರದ ಕ್ರಮಕ್ಕೆ ಬಂದು, ಹಾಸಿಗೆಯ ಮೇಲೆ ಬಿಸಾಕಿದ ಮೂವತ್ತೈದು ವರ್ಷದ ಒದ್ದೆ ಟವೆಲುಗಳನ್ನು ಲೆಕ್ಕ ಹಿಡಿದು, ಕಿಟಕಿಯ ಸರಳಿನವರೆಗೂ ಬಂದರು. ಕಾಲೇಜಿನ ಪರೀಕ್ಷೆಯಲ್ಲಿ ಮೂರು ಸಲ ಕೈಕೊಟ್ಟಿದ್ದ ಕ್ರಿಯಾಪದಗಳೆಲ್ಲ ಕರೆಯದೆಯೇ ಬಂದು ಸಾಲಾಗಿ ನಿಂತವು. ಮುಗಿಯುವ ಹೊತ್ತಿಗೆ ಯಜಮಾನಿಗೆ ಬೆವರಿಳಿಯುತ್ತಿತ್ತು.

ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿದರು. "ಹದಿನಾಲ್ಕು ನಿಮಿಷ. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಎಳೆದಾಡಲಿಲ್ಲ," ಎನ್ನುತ್ತ ರಿಜಿಸ್ಟರಿನಲ್ಲಿ ಹೊಸ ಸಾಲು ಬರೆದು, ಅದರ ಕೆಳಗೆ ತಕ್ಷಣ ರುಜು ಹಾಕಿದರು. ಬಾಯಿ: ಬಳಕೆಗೆ ಯೋಗ್ಯ.

"ಫ್ರೆಂಚಲ್ಲಿ ಒಂದಕ್ಷರ ಗೊತ್ತಿಲ್ಲದವರು ನೀವು. ನಾನು ಸರಿಯಾಗಿ ಮಾತಾಡ್ದೆ ಅಂತ ನಿಮಗೇನು ಗೊತ್ತು?"

"ನನಗೆ ಒಂದು ಮಾತೂ ತಿಳೀಲಿಲ್ಲ ಕಣೇ. ಆದ್ರೆ ಬೈಸ್ಕೊಂಡಿದ್ದು ಪೂರ್ತಿ ತಿಳೀತು."

ಮನೆಯ ನೆಪದ ಹಿಂದೆ ಅಡಗಿಸಿಟ್ಟಿದ್ದ ಭಯ ಹೀಗೆ ಹಾಡಹಗಲೇ ಸಿಕ್ಕಿಬಿದ್ದದ್ದಕ್ಕೆ ಯಜಮಾನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ವಿನಾಯಿತಿ ಅರ್ಜಿಯನ್ನು ಪರಪರ ಹರಿದರು. "ಹೋಗ್ತೀನಿ. ಹನ್ನೆರಡಲ್ಲ, ಹದಿಮೂರು ವಾರ ಇದ್ದು ಬರ್ತೀನಿ. ನಿಮ್ಮ ಬನಿಯನ್ ಟೀ ನೀವೇ ಕುಡ್ಕೊಂಡಿರಿ."

ಮಾತಿಗೆ ತಪ್ಪುವ ಜಾಯಮಾನ ಆಕೆಯದಲ್ಲ. ಟಿಕೆಟ್ಟು ಹದಿಮೂರು ವಾರಕ್ಕೇ ಆಯಿತು. ಸೂಟ್‌ಕೇಸ್ ತುಂಬುವಾಗ ತಳದ ಸ್ವೆಟರನ್ನು ಬೇಕೆಂದೇ ಬಿಚ್ಚದೆ ಅದರ ಮೇಲೆ ಬಟ್ಟೆ ಪೇರಿಸಿದರು. ಜಾಲರಿಯೂ ತನ್ನ ಜೊತೆಗೇ ಬರಲಿ, ಈ ಮನುಷ್ಯನ ಬನಿಯನ್ನುಗಳೆಲ್ಲ ಟೀ ಬಣ್ಣಕ್ಕೆ ತಿರುಗಲಿ ಎಂದು ಹೊರಡುವಾಗ ಒಳಗೊಳಗೇ ನಕ್ಕದ್ದೂ ಉಂಟು.

ದೂರದ ಆ ಊರಿನ ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಗ್ಗೆ ಟೀಗೆ ನೀರಿಟ್ಟು, ಗೆದ್ದ ಖುಷಿಯಲ್ಲಿ ಸ್ವೆಟರ್ ಬಿಚ್ಚಿದರು. ಜಾಲರಿಯ ಹಿಡಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಆ ದುಂಡು ಅಕ್ಷರ ಯಾರದೆಂದು ಕೇಳಬೇಕಾಗಿರಲಿಲ್ಲ. "ಸೂಟ್‌ಕೇಸಿನಲ್ಲಿ ಪತ್ತೆ. ತಪಾಸಣೆ ಆಗಿದೆ, ಬಳಕೆಗೆ ಯೋಗ್ಯ. ಅಲ್ಲಿ ನಿನಗೆ ಬೇಕಾಗುತ್ತೆ, ಇರಲಿ." ಕೆಳಗೆ ರುಜು. ರುಜುವಿನ ಕೆಳಗೆ ತಾರೀಕು, ಪರೀಕ್ಷೆಯ ಎರಡನೇ ದಿನದ್ದು.

ಎರಡನೇ ದಿನವೇ! ಆಮೇಲೆ ಮೂರು ದಿನ ಉಪ್ಪು, ಕ್ಲಿಪ್ಪು, ಫ್ಯೂಸು ಅಂತ ಆಕೆ ಮೈ ನೋಯಿಸಿಕೊಂಡಿದ್ದೆಲ್ಲ ಸುಮ್ಮನೆ. ಈ ಗಳಿಗೆಯೇ ಮನೆಗೆ ಹೋಗಿ ಆ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಜಗಳ ಆಡಬೇಕೆಂದು ಯಜಮಾನಿಗೆ ಕಣ್ಣಲ್ಲಿ ನೀರು ಬರುವಷ್ಟು ಆಸೆಯಾಯಿತು. ಆದರೆ ಹದಿಮೂರು ವಾರ ಕಾಯಬೇಕಿತ್ತು. ನಿಯಮ ಕೇಳಿದ್ದು ಹನ್ನೆರಡೇ. ಇನ್ನೊಂದು ವಾರ ತಾನೇ ಬಾಯಿಬಿಟ್ಟು ಕೇಳಿಕೊಂಡದ್ದು.